ನಡುವಿನ ಹೊಲ ಯಾಕೆ ಬಿಟ್ಟುಕೊಟ್ಟಳು? ಕಿಂಗ್ಸ್ ಇಂಡಿಯನ್ ಡಿಫೆನ್ಸ್ ಅನ್ನೋ ಆಟದ ಕಟ್ಟು

ಎಳ್ಳ ಅಮಾಸಿ ಮುಗಿದ ಮರುವಾರ ಕಲಬುರಗಿಯ ಒಂದು ಶಾಲೆಯ ಹಾಲ್‌ನಲ್ಲಿ ಎರಡು ದಿನದ ಓಪನ್ ಚೆಸ್ ಟೂರ್ನಮೆಂಟ್ ಇತ್ತು. ನನ್ನ ಮಗಳಿಗೆ ಹನ್ನೆರಡು ವರ್ಷ. ಮೂರನೇ ಸುತ್ತಿನಲ್ಲಿ ಅವಳಿಗೆ ಕಪ್ಪು ಕಾಯಿ ಬಂದಿತ್ತು. ಆಳಂದ ಕಡೆಯ ನಮ್ಮ ಊರಿನಿಂದ ಅಪ್ಪ ಸಜ್ಜಿ ರೊಟ್ಟಿ, ಭಜ್ಜಿ ಕಟ್ಟಿಸಿಕೊಂಡು ಬಂದಿದ್ದರು. ಆಟ ನಡೆಯುವಾಗ ಪಾಲಕರು ಒಳಗೆ ಹೋಗುವ ಹಾಗಿಲ್ಲ. ಕಿಟಕಿಯ ಸರಳು ಹಿಡಿದು ನಿಂತರೆ ಅವಳ ಮಣೆ ಓರೆಯಾಗಿ ಕಾಣುತ್ತಿತ್ತು. ಅಪ್ಪ ನಾಲ್ಕೈದು ನಡೆ ನೋಡಿದವರೇ ನನ್ನ ತೋಳು ಹಿಡಿದರು.

"ಇದೇನೋ, ನಡು ಹೊಲ ಪೂರಾ ಆ ಹುಡುಗಗೇ ಬಿಟ್ಟುಕೊಟ್ಟಾಳ? ಹೆದರ್ಯಾಳೇನ್?"

ಅವಳು ಹೆದರಿರಲಿಲ್ಲ. ಅವಳು ಆಡುತ್ತಿದ್ದದ್ದು ಕಿಂಗ್ಸ್ ಇಂಡಿಯನ್ ಡಿಫೆನ್ಸ್, ಕಪ್ಪು ಕಾಯಿಯವರು ಆಟ ಶುರುಮಾಡುವ ಒಂದು ಕಟ್ಟು. ಆ ಆಟ ಅವಳು ಸೋತಳು. ಯಾಕೆ ಸೋತಳು ಅನ್ನೋದನ್ನ ಹಜಾರದ ಬೆಂಚಿನ ಮೇಲೆ ಮಣೆ ಹಾಕಿಕೊಂಡು ಮೂವರೂ ಕೂತು ನೋಡಿದೆವು. ಅಪ್ಪನ ಪ್ರಶ್ನೆ ಸಣ್ಣದಲ್ಲ. ಚೆಸ್ ಬಲ್ಲ ದೊಡ್ಡ ದೊಡ್ಡವರೇ ಹತ್ತಿರಹತ್ತಿರ ನೂರು ವರ್ಷ ಇದೇ ಅನುಮಾನದಿಂದ ಈ ಆಟವನ್ನು ದೂರ ಇಟ್ಟಿದ್ದರು. ಹಾಗಾಗಿ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಹತ್ತಿರದಲ್ಲಿ ಒಂದು ಮಣೆ ಇದ್ದರೆ ಕಾಯಿ ಜೋಡಿಸಿಕೊಳ್ಳಿ.

ನಾನು ನಮ್ಮ ಮನೆಯ ಮಾತನ್ನೇ ಬಳಸುತ್ತೇನೆ: ರಾಜ, ರಾಣಿ, ಮೂಲೆಯಲ್ಲಿ ಆನೆ, ಅದರ ಪಕ್ಕ ಕುದುರೆ, ಅದರ ಪಕ್ಕ ಓರೆಯಾಗಿ ಓಡುವ ಒಂಟೆ, ಮುಂದೆ ಎಂಟು ಪ್ಯಾದೆ. ಬಿಳಿಯವನ ಎಡಗೈಯಿಂದ ಬಲಗೈಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಎಂಟು ಸಾಲು. ಬಿಳಿಯವನ ಕಡೆಯಿಂದ ಕಪ್ಪಿನವನ ಕಡೆಗೆ 1ರಿಂದ 8. ನಡು ಹೊಲ ಅಂದರೆ ಡಿ4, ಇ4, ಡಿ5, ಇ5 ಈ ನಾಲ್ಕು ಮನೆ.

ಈ ನಾಲ್ಕು ಮನೆಗೆ ಯಾಕಿಷ್ಟು ಬೆಲೆ? ಕುದುರೆಯನ್ನು ಖಾಲಿ ಮಣೆಯ ಮೂಲೆಯಲ್ಲಿಟ್ಟರೆ ಅದಕ್ಕೆ ಹೋಗಲು ಎರಡೇ ಮನೆ. ನಡುವೆ ಇಟ್ಟರೆ ಎಂಟು. ಒಂಟೆಗೆ ಮೂಲೆಯಲ್ಲಿ ಏಳು ಮನೆ, ನಡುವೆ ಹದಿಮೂರು. ಜೊತೆಗೆ ನಡು ಹಿಡಿದವನ ಸೈನ್ಯ ಎಡಕ್ಕೂ ಬಲಕ್ಕೂ ಬೇಗ ಹೊರಳುತ್ತದೆ, ಎದುರಿನವನ ಸೈನ್ಯ ಸುತ್ತಿ ಬರಬೇಕು. ಆದ್ದರಿಂದಲೇ ಮಕ್ಕಳಿಗೆ ಮೊದಲ ಪಾಠ: ನಡು ಹಿಡಿ. ಅಪ್ಪ ಕೇಳಿದ್ದೂ ಅದನ್ನೇ.

ಈಗ ಅವಳ ಆಟ. ಬಿಳಿ ಹುಡುಗ ಡಿ ಪ್ಯಾದೆಯನ್ನು ಡಿ4ಕ್ಕೆ ತಂದ. ಅವಳು ಕುದುರೆಯನ್ನು ಎಫ್6ಕ್ಕೆ. ಅವನು ಸಿ4. ಅವಳು ಜಿ ಪ್ಯಾದೆಯನ್ನು ಒಂದೇ ಒಂದು ಮನೆ, ಜಿ6. ಅವನು ಕುದುರೆ ಸಿ3. ಅವಳು ಒಂಟೆಯನ್ನು ಜಿ7ರಲ್ಲಿ ಕೂರಿಸಿದಳು. ಅವನು ಇ4. ಅವಳು ಡಿ ಪ್ಯಾದೆಯನ್ನೂ ಒಂದೇ ಮನೆ, ಡಿ6. ನಾಲ್ಕು ನಡೆಯಾದಾಗ ಬಿಳಿಯವನ ಮೂರು ಪ್ಯಾದೆ ಸಿ4, ಡಿ4, ಇ4ರಲ್ಲಿ ಸಾಲಾಗಿ ನಿಂತಿವೆ. ಅವಳ ಕಡೆ ನಾಲ್ಕನೇ ಸಾಲಿರಲಿ, ಐದನೇ ಸಾಲಿನಲ್ಲೂ ಒಂದು ಪ್ಯಾದೆ ಇಲ್ಲ. ಐದನೇ ನಡೆಗೆ ಬಿಳಿ ಕುದುರೆ ಎಫ್3, ಅವಳು ಕ್ಯಾಸ್ಲಿಂಗ್ ಮಾಡಿ, ಅಂದರೆ ರಾಜ, ಆನೆ ಎರಡನ್ನೂ ಒಂದೇ ನಡೆಗೆ ಸರಿಸಿ, ರಾಜನನ್ನು ಮೂಲೆಗೆ ಸೇರಿಸಿದಳು. ಅಪ್ಪ ನೋಡಿದ್ದು ಇದನ್ನ.

ಬೆಂಚಿನ ಮೇಲೆ ಇದೇ ಜೋಡಿಸಿ ಕಪ್ಪಿನ ಕಡೆಯಿಂದ ತೋರಿಸಿದಾಗ ಅಪ್ಪನ ಮುಖ ಬೇರೆಯಾಯಿತು. "ಏ, ಇದು ನಮ್ಮ ಊರಾಟದ ಕಟ್ಟು ಇದ್ದಂಗ ಅದಲ್ಲ!"

ಅವರಿಗೆ ಹಾಗನ್ನಿಸಿದ್ದು ಬರೀ ಹಳೆ ನೆನಪಲ್ಲ, ಅದರಲ್ಲಿ ಈ ಆಟದ ಹುಟ್ಟೇ ಇದೆ. ಅಪ್ಪ ಕಲಿತ ಚದುರಂಗದಲ್ಲಿ ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೆಯಬೇಕು. ಕ್ಯಾಸ್ಲಿಂಗ್ ಇಲ್ಲ. ಅದರ ಬದಲು ರಾಜ ಒಂದೇ ಒಂದು ಸಲ, ಅದೂ ಕಿಶ್ತ್ (ಚೆಕ್) ಬೀಳುವ ಮೊದಲು, ಕುದುರೆಯ ಹಾಗೆ ಜಿಗಿಯಬಹುದು. ಪ್ಯಾದೆ ಕೊನೆಯ ಸಾಲು ಮುಟ್ಟಿದರೆ ರಾಣಿಯೇ ಆಗಬೇಕಿಲ್ಲ. ಅದು ಮುಟ್ಟಿದ ಮನೆಯಲ್ಲಿ ಮೊದಲು ಯಾವ ಕಾಯಿ ಇತ್ತೋ ಅದಾಗುತ್ತದೆ. ಊರಿಂದೂರಿಗೆ ಸಣ್ಣಪುಟ್ಟ ವ್ಯತ್ಯಾಸ ಇದ್ದರೂ ದೇಶದ ಬಹಳ ಕಡೆ ಹೀಗೇ ಆಡುತ್ತಿದ್ದರು. ನಮ್ಮ ಭಾಗದಲ್ಲಿ ಈ ಆಟದ ಬೇರು ಎಷ್ಟು ಆಳ ಅನ್ನೋದಕ್ಕೆ ಒಂದು ಮಾತು: ಇಲ್ಲಿಂದ ಬೀದರ ಜಿಲ್ಲೆಯ ಬಸವಕಲ್ಯಾಣ ದೂರವೇನಲ್ಲ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ, ರಾಜರ ವಿನೋದಗಳ ನಡುವೆ, ಚದುರಂಗಕ್ಕೂ ಜಾಗ ಇದೆ. ಆಮೇಲೆ ಬಹಮನಿಗಳು 1347ರಲ್ಲಿ ಕಲಬುರಗಿಯನ್ನೇ ರಾಜಧಾನಿ ಮಾಡಿಕೊಂಡರು. ಪಾರ್ಸಿಯಿಂದ ಬಂದ ಪ್ಯಾದೆ, ವಜೀರ (ರಾಣಿ), ಕಿಶ್ತ್ ಅನ್ನೋ ಮಾತುಗಳು ಇಂದಿಗೂ ನಮ್ಮ ಹಿರಿಯರ ಬಾಯಲ್ಲಿವೆ.

ಒಂದೇ ಮನೆ ನಡೆಯುವ ಪ್ಯಾದೆ ಅಂದಮೇಲೆ ಆಟದ ಆರಂಭವೇ ಬೇರೆ. ಎರಡು ಹೆಜ್ಜೆ ಹಾಕುವ ಪ್ಯಾದೆ ಇದ್ದರೆ ಎರಡನೇ ನಡೆಗೇ ಜಗಳ. ಒಂದೇ ಹೆಜ್ಜೆಯಾದರೆ ಎರಡೂ ಸೈನ್ಯ ತಮ್ಮ ತಮ್ಮ ಅಂಗಳದಲ್ಲಿ ಹಂದರ ಹಾಕಿಕೊಳ್ಳಲು ಸಮಯ ಇರುತ್ತದೆ: ಜಿ ಪ್ಯಾದೆ ಒಂದು ಮನೆ, ಒಂಟೆ ಅದರ ಹಿಂದೆ, ಡಿ ಪ್ಯಾದೆ ಒಂದು ಮನೆ, ಕುದುರೆ ಹೊರಗೆ. ಈ ಕಟ್ಟು ಯುರೋಪಿನ ನಿಯಮದ ಆಟಕ್ಕೆ ಬಂದದ್ದು ಬಂಗಾಳದ ಒಬ್ಬ ಆಟಗಾರನಿಂದ. ಮಹೇಶಚಂದ್ರ ಬ್ಯಾನರ್ಜಿ ಅಂತ. 1848ರ ಹೊತ್ತಿಗೆ ಕಲ್ಕತ್ತಾದ ಚೆಸ್ ಆಡುವವರ ಕಣ್ಣಿಗೆ ಬಿದ್ದವರು. ದೇಸಿ ನಿಯಮದಲ್ಲಿ ಬೆಳೆದವರು, ಯುರೋಪಿನ ನಿಯಮ ಆಮೇಲೆ ಕಲಿತರು. ಕಲ್ಕತ್ತಾದಲ್ಲಿ ವಕೀಲಿಕೆ ಮಾಡುತ್ತಿದ್ದ ಸ್ಕಾಟ್ಲೆಂಡ್ ಮೂಲದ ಜಾನ್ ಕಾಕ್ರನ್ ಜೊತೆ ಮುಂದೆ ನೂರಾರು ಆಟ ಆಡಿದರು. ಕಾಕ್ರನ್ ಆ ಕಾಲದ ದೊಡ್ಡ ಆಟಗಾರ, ಮುಗಿಬಿದ್ದು ಆಡುವ ಸ್ವಭಾವ. ಅವರು ನಡುವಿಗೆ ಪ್ಯಾದೆ ನುಗ್ಗಿಸುತ್ತಿದ್ದರೆ ಬ್ಯಾನರ್ಜಿ ಜಿ6, ಡಿ6 ಅಂತ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಯುರೋಪಿನ ಕೈಗೆ ಎರಡು ಹೆಜ್ಜೆ ರೂಢಿ, ಇವರ ಕೈಗೆ ಒಂದು ಹೆಜ್ಜೆ ರೂಢಿ. ಈ ಕಟ್ಟಿನ ಮೂಲ ಆ ರೂಢಿಯಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್, ನಿಮ್ಜೋ ಇಂಡಿಯನ್ ಎಂದು ಇಂದು ಕರೆಯುವ ಇಡೀ ಬಳಗದ ಹೆಸರಿನಲ್ಲಿರುವ 'ಇಂಡಿಯನ್' ಬಂದದ್ದು ಈ ಮನುಷ್ಯನಿಂದ. ಈ ಸಂಗತಿ ಚೆಸ್ ಕಲಿಯುವ ನಮ್ಮ ಪ್ರತಿ ಮಗುವಿಗೂ ಗೊತ್ತಿರಬೇಕು. ಗೊತ್ತಿಲ್ಲ ಅನ್ನೋದು ನನಗೆ ನಿಜಕ್ಕೂ ನೋವಿನ ವಿಷಯ.

ಅವರಿಬ್ಬರ ಒಂದು ಆಟ ಹೇಳಲೇಬೇಕು. ಕಾಕ್ರನ್ ಸಿ4, ಡಿ4, ಇ4, ಎಫ್4 ಎಂದು ನಾಲ್ಕು ಪ್ಯಾದೆಯ ಗೋಡೆಯನ್ನೇ ಕಟ್ಟಿದರು. ಬ್ಯಾನರ್ಜಿ ಅಲ್ಲಿಯ ತನಕ ಸುಮ್ಮನಿದ್ದು ಏಳನೇ ನಡೆಗೆ ಇ5 ಎಂದು ಗೋಡೆಗೆ ಗುದ್ದಿದರು. ಒಂಬತ್ತನೇ ನಡೆಗೆ ಇ4ರ ಪ್ಯಾದೆಯನ್ನು ಕುದುರೆಯಿಂದ ಹೊಡೆದು ಆ ಕುದುರೆಯನ್ನೇ ಬಲಿಕೊಟ್ಟರು. ಹನ್ನೆರಡನೇ ನಡೆಗೆ ತಮ್ಮ ರಾಣಿಯ ಮೇಲೆ ಬಿಳಿ ಕುದುರೆ ಬಂದು ಕೂತಿದ್ದರೂ ಲೆಕ್ಕಿಸದೆ ಪ್ಯಾದೆಯಿಂದ ಎಫ್3ರ ಕುದುರೆ ಹೊಡೆದರು. ಕಾಕ್ರನ್ ರಾಣಿಯನ್ನು ನುಂಗಿದರು. ಬ್ಯಾನರ್ಜಿಯ ಪ್ಯಾದೆ ಜಿ2ಕ್ಕೆ ನುಗ್ಗಿತು, ಜಿ4ರ ಒಂಟೆಗೆ ದಾರಿ ತೆರೆಯಿತು, ಬಿಳಿಯ ರಾಣಿಯೂ ಬಿತ್ತು. ಆ ಆಟ ಬ್ಯಾನರ್ಜಿ ಗೆದ್ದರು. ನಡು ಬಿಟ್ಟುಕೊಡೋದು ಎಂದರೆ ಏನು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ: ಎದುರಿನವನು ಎಷ್ಟು ಪ್ಯಾದೆ ಮುಂದೆ ತಂದಿರುತ್ತಾನೋ ಅಷ್ಟನ್ನೂ ಕಾಯುವ ಹೊಣೆ ಅವನದು. ಪ್ಯಾದೆ ಹಿಂದೆ ಬರುವುದಿಲ್ಲ. ಕಪ್ಪಿನವನು ಗುದ್ದಲು ಒಂದು ಜಾಗ ಹುಡುಕಿದರೆ ಸಾಕು.

ಮಗಳ ಆಟದಲ್ಲೂ ಆ ಗುದ್ದು ಬಂತು. ಆರನೇ ನಡೆಗೆ ಬಿಳಿ ಒಂಟೆ ಇ2, ಅವಳು ಇ5. ಅಪ್ಪ ತಕ್ಷಣ, "ಆ ಪ್ಯಾದೆ ಪುಕ್ಕಟೆ ಹೋಗ್ತದ" ಅಂದರು. ಎಲ್ಲ ಹೊಸಬರಿಗೂ ಹಾಗೇ ಕಾಣುತ್ತದೆ. ಬಿಳಿ ಡಿ ಪ್ಯಾದೆ ಇ5ನ್ನು ಹೊಡೆಯಲಿ, ಕಪ್ಪಿನ ಡಿ ಪ್ಯಾದೆ ತಿರುಗಿ ಹೊಡೆಯುತ್ತದೆ. ಡಿ ಸಾಲು ತೆರೆದು ರಾಣಿಗೆ ರಾಣಿ, ಕಪ್ಪು ಆನೆ ಡಿ8ಕ್ಕೆ. ಈಗ ಬಿಳಿ ಕುದುರೆ ಇ5ರ ಪ್ಯಾದೆಯನ್ನು ತಿನ್ನುತ್ತದೆ. ಆಗ ಕಪ್ಪು ಕುದುರೆ ಎಫ್6 ಬಿಟ್ಟು ಇ4ರ ಪ್ಯಾದೆಯನ್ನು ಹೊಡೆಯುತ್ತದೆ. ಅದು ಹೊರಟ ಕೂಡಲೇ ಜಿ7ರ ಒಂಟೆಯ ದಾರಿ ತೆರೆದು ಇ5ರ ಕುದುರೆ ಅದರ ಬಾಯಿಗೆ ಬೀಳುತ್ತದೆ. ಬಿಳಿ ಇ4ರಲ್ಲಿ ಕುದುರೆ ಹೊಡೆದರೆ ಕಪ್ಪು ಇ5ರಲ್ಲಿ ಕುದುರೆ ಹೊಡೆಯುತ್ತದೆ. ಲೆಕ್ಕ ಸಮ. ಜಿ7ರಲ್ಲಿ ಸುಮ್ಮನೆ ಕೂತಂತೆ ಕಾಣುವ ಒಂಟೆ ಮೊದಲಿನಿಂದಲೂ ನಡು ಹೊಲದ ಮೇಲೆ ಕಣ್ಣಿಟ್ಟಿರುತ್ತದೆ. ಹೊಲದೊಳಗೆ ನಿಂತೇ ಕಾಯಬೇಕಿಲ್ಲ, ದಿಣ್ಣೆ ಮೇಲೆ ಕೂತೂ ಕಾಯಬಹುದು.

ಏಳನೇ ನಡೆಗೆ ಬಿಳಿಯೂ ಕ್ಯಾಸ್ಲಿಂಗ್ ಮಾಡಿದ, ಅವಳು ಇನ್ನೊಂದು ಕುದುರೆಯನ್ನು ಸಿ6ಕ್ಕೆ ತಂದು ಡಿ4ನ್ನು ಒತ್ತಿದಳು. ಬಿಳಿ ಪ್ಯಾದೆ ಡಿ5ಕ್ಕೆ ಸರಿದು ಕುದುರೆಯನ್ನು ಅಟ್ಟಿತು. ಕುದುರೆ ಇ7ಕ್ಕೆ ಹೋಯಿತು. ಇಲ್ಲಿಗೆ ಎಂಟು ನಡೆ.

ಇನ್ನು ಮೇಲೆ ಆಟದ ಗುಣವೇ ಬದಲಾಗುತ್ತದೆ. ನಡು ಹೊಲ ಮುಚ್ಚಿಹೋಗಿದೆ. ಬಿಳಿಯ ಇ4, ಡಿ5 ಮತ್ತು ಕಪ್ಪಿನ ಇ5, ಡಿ6 ಒಂದಕ್ಕೊಂದು ಮುಖ ಕೊಟ್ಟು ಕೂತಿವೆ, ಯಾವುದೂ ಅಲುಗುವುದಿಲ್ಲ. ಅಪ್ಪ ಅದನ್ನು ಒಂದೇ ಮಾತಿನಲ್ಲಿ ಹೇಳಿದರು: "ನಡು ಬದು ಬಿತ್ತು. ಇನ್ನ ಜಗಳ ಅಂಚಿನಾಗ." ಯಾವ ಅಂಚು ಯಾರದು ಅನ್ನೋದನ್ನ ಪ್ಯಾದೆಗಳೇ ಹೇಳುತ್ತವೆ. ಬಿಳಿಯ ಪ್ಯಾದೆಗಳು ಇ4ರಿಂದ ಡಿ5ಕ್ಕೆ, ಅಂದರೆ ರಾಣಿಯ ಕಡೆಗೆ (ಎ, ಬಿ, ಸಿ ಸಾಲುಗಳ ಕಡೆಗೆ) ಬೆರಳು ಮಾಡುತ್ತಿವೆ. ಆ ಕಡೆ ಬಿಳಿಗೆ ಜಾಗ ಹೆಚ್ಚು, ಅಲ್ಲಿ ಸಿ5 ನೂಕಿ ಸಿ ಸಾಲು ತೆರೆಯಬೇಕು. ಕಪ್ಪಿನವು ಡಿ6ರಿಂದ ಇ5ಕ್ಕೆ, ಬಿಳಿ ರಾಜ ಕೂತಿರುವ ಕಡೆಗೆ ಬೆರಳು ಮಾಡುತ್ತಿವೆ. ಕಪ್ಪು ಎಫ್5 ನೂಕಬೇಕು. ಅದಕ್ಕೇ ಎರಡೂ ಕಡೆ ಕುದುರೆಗಳು ಹಿಂದೆ ಸರಿಯುತ್ತವೆ: ಬಿಳಿಯದು ಎಫ್3ರಿಂದ ಇ1, ಕಪ್ಪಿನದು ಎಫ್6ರಿಂದ ಡಿ7. ಮೊದಲ ಸಲ ನೋಡಿದವರಿಗೆ ಇಬ್ಬರೂ ಓಡಿಹೋಗುತ್ತಿದ್ದಾರೆ ಅನ್ನಿಸಬಹುದು. ತಮ್ಮ ತಮ್ಮ ಪ್ಯಾದೆಗೆ ದಾರಿ ಬಿಡುತ್ತಿದ್ದಾರೆ, ಅಷ್ಟೇ.

ಈ ಓಟ ಸಮಾನ ಓಟವಲ್ಲ. ಬಿಳಿ ಗೆದ್ದರೆ ಒಂದು ಪ್ಯಾದೆ, ಒಂದು ಸಾಲು, ಬಹಳವೆಂದರೆ ಒಂದು ಕಾಯಿ ಸಿಗುತ್ತದೆ. ಕಪ್ಪು ಗೆದ್ದರೆ ರಾಜನೇ ಸಿಗುತ್ತಾನೆ. ಬಿಳಿಯ ದಾರಿ ಹತ್ತಿರ, ಕಪ್ಪಿನ ದಾರಿ ದೂರ, ಆದರೆ ಕಪ್ಪಿನ ದಾರಿಯ ಕೊನೆಗೆ ಮಾತ್ (ಚೆಕ್‌ಮೇಟ್) ಇದೆ.

ಈ ಓಟ ಹೇಗೆ ಓಡಬೇಕು ಎಂದು ಜಗತ್ತಿಗೆ ತೋರಿಸಿಕೊಟ್ಟದ್ದು 1953ರಲ್ಲಿ ಅರ್ಜೆಂಟೀನಾದ ಕಡಲತೀರದ ಊರು ಮಾರ್ ದೆಲ್ ಪ್ಲಾತಾದಲ್ಲಿ ನಡೆದ ಟೂರ್ನಮೆಂಟಿನ ಒಂದು ಆಟ. ಬಿಳಿ ಮಿಗೆಲ್ ನಜ್ದೋರ್ಫ್. ಪೋಲೆಂಡಿನವರು, 1939ರಲ್ಲಿ ಚೆಸ್ ಒಲಿಂಪಿಯಾಡ್ ಆಡಲು ಬ್ಯುನಸ್ ಐರಿಸ್‌ಗೆ ಬಂದಿದ್ದಾಗಲೇ ಯುರೋಪಿನಲ್ಲಿ ಯುದ್ಧ ಶುರುವಾಗಿ ಅಲ್ಲೇ ಉಳಿದುಬಿಟ್ಟವರು. ಅವರ ಮನೆಯವರು ನಾಜಿಗಳ ಕೈಯಲ್ಲಿ ಸತ್ತರು. ಕಪ್ಪು ಯುಗೊಸ್ಲಾವಿಯಾದ ಸ್ವೆತೋಜಾರ್ ಗ್ಲಿಗೋರಿಚ್. ಅದೇ ಯುದ್ಧದಲ್ಲಿ ನಾಜಿಗಳ ವಿರುದ್ಧ ಬಂದೂಕು ಹಿಡಿದು ಹೋರಾಡಿದ್ದವರು. ಅಷ್ಟರೊಳಗೆ 1940ರ ದಶಕದಲ್ಲಿ ಸೋವಿಯತ್ ನಾಡಿನ ಬ್ರೋನ್‌ಸ್ಟೀನ್, ಬೊಲೆಸ್ಲಾವ್‌ಸ್ಕಿ ಮೊದಲಾದವರು ಈ ಆಟಕ್ಕೆ ಮರ್ಯಾದೆ ತಂದುಕೊಟ್ಟಿದ್ದರು. ಮೇಲೆ ಹೇಳಿದ ಕಟ್ಟಿನಿಂದ ಹೊರಡುವ ಈ ದಾರಿಗೆ ಇಂದಿಗೂ ಮಾರ್ ದೆಲ್ ಪ್ಲಾತಾ ಅಂತಲೇ ಹೆಸರು.

ಹತ್ತನೇ ನಡೆಗೆ ನಜ್ದೋರ್ಫ್ ಒಂಟೆ ಇ3, ಗ್ಲಿಗೋರಿಚ್ ಎಫ್5. ಬಿಳಿ ಎಫ್3 ಎಂದು ಇ4ಕ್ಕೆ ಆಸರೆ ಕೊಟ್ಟರೆ ಕಪ್ಪು ಹೊಡೆಯಲಿಲ್ಲ, ಎಫ್4ಕ್ಕೆ ದಾಟಿತು. ಒಂಟೆ ಎಫ್2ಕ್ಕೆ ಸರಿಯಿತು. ಕಪ್ಪು ಜಿ5. ಬಿಳಿ ಕುದುರೆ ಇ1ರಿಂದ ಡಿ3, ಕಪ್ಪು ಕುದುರೆ ಡಿ7ರಿಂದ ಎಫ್6ಕ್ಕೆ ವಾಪಸ್. ಹದಿನಾಲ್ಕನೇ ನಡೆಗೆ ಬಿಳಿ ಸಿ5, ಕಪ್ಪು ಇನ್ನೊಂದು ಕುದುರೆಯನ್ನು ಇ7ರಿಂದ ಜಿ6ಕ್ಕೆ. ಹದಿನೈದಕ್ಕೆ ಬಿಳಿ ಆನೆ ಸಿ1.

ನನ್ನ ಮಗಳು, ಆ ಹುಡುಗ ಇಬ್ಬರೂ ಇಲ್ಲಿಯ ತನಕ ಇದೇ ಆಡಿದ್ದರು, ಒಂದು ನಡೆಯೂ ಆಚೀಚೆ ಇಲ್ಲ. ಇಬ್ಬರೂ ಕಲಿತದ್ದು ಇದನ್ನೇ. "ನಂಗ ಹದಿನಾಲ್ಕರ ತನಾ ಬಾಯಿಪಾಠ ಇತ್ತು ಮುತ್ಯಾ, ಮುಂದ ನಾನೇ ಯೋಚ್ನೆ ಮಾಡಿ ಆಡ್ದೆ" ಅಂದಳು. ಅವಳು ಯೋಚಿಸಿ ಆಡಿದ್ದು ಎಚ್5. ನೋಡಲು ಸಹಜವಾದ ನಡೆ: ಜಿ4 ನೂಕಬೇಕು, ಅದಕ್ಕೆ ಎಚ್ ಪ್ಯಾದೆಯ ಆಸರೆ. ಗ್ಲಿಗೋರಿಚ್ ಅದೇ ಜಾಗದಲ್ಲಿ ಆಡಿದ್ದು ಆನೆ ಎಫ್8ರಿಂದ ಎಫ್7. ಮುಂದಿನ ನಡೆಗೆ ಜಿ7ರ ಒಂಟೆಯನ್ನು ಆನೆ ಬಿಟ್ಟುಹೋದ ಎಫ್8ಕ್ಕೆ, ಅಂದರೆ ಅದು ಹುಟ್ಟಿದ ಮನೆಗೇ ವಾಪಸ್ ಕಳಿಸಿದರು. ದಾಳಿ ಮಾಡಲು ಹೊರಟವರು ಎರಡು ಕಾಯಿಗಳನ್ನು ಯಾಕೆ ಹೀಗೆ ಹಿಂದಕ್ಕೆ ಎಳೆದುಕೊಂಡರು?

ಎಚ್5 ಆದಮೇಲೆ ಮಗಳಿಗೆ ಏನಾಯಿತು ನೋಡಿದರೆ ಉತ್ತರ ಸಿಗುತ್ತದೆ. ಹುಡುಗ ಸಿ ಪ್ಯಾದೆಯಿಂದ ಡಿ6 ಹೊಡೆದ, ಅವಳು ಸಿ ಪ್ಯಾದೆಯಿಂದಲೇ ತಿರುಗಿ ಹೊಡೆದಳು. ಸಿ ಸಾಲು ಬಾಗಿಲು ತೆರೆದಂತಾಯಿತು. ಅವನು ಸಿ3ರ ಕುದುರೆಯನ್ನು ಬಿ5ಕ್ಕೆ ಹಾರಿಸಿದ. ಈಗ ಎ7ರ ಪ್ಯಾದೆಯ ಮೇಲೆ ಆ ಕುದುರೆಯ ಕಣ್ಣು, ದೂರದ ಎಫ್2ರ ಒಂಟೆಯದೂ ಕಣ್ಣು. ಜೊತೆಗೆ ಸಿ7 ಖಾಲಿ. ಅವಳು ಎ6 ಎಂದು ಕುದುರೆಯನ್ನು ಅಟ್ಟಿದಳು. ಅದು ಹಿಂದೆ ಹೋಗಲಿಲ್ಲ, ಸಿ7ಕ್ಕೆ ಬಂದು ಮೂಲೆಯ ಆನೆಗೆ ಕುತ್ತು ತಂದಿತು. ರಾಣಿಯಿಂದ ಕುದುರೆಯನ್ನು ಹೊಡೆಯುವಂತಿಲ್ಲ, ಸಿ1ರ ಆನೆ ಅದರ ಬೆನ್ನಿಗಿದೆ. ಆನೆಯನ್ನು ಎ7ಕ್ಕೆ ಸರಿಸಿದರೆ ಎಫ್2ರ ಒಂಟೆ ತಿನ್ನುತ್ತದೆ. ಬಿ8ಕ್ಕೆ ಸರಿಸಿದಳು. ಕುದುರೆ ಇ6ಕ್ಕೆ ಹಾರಿ ರಾಣಿ, ಆನೆ ಎರಡನ್ನೂ ಒಟ್ಟಿಗೆ ಹಿಡಿಯಿತು. ಅವಳಿಗೆ ಉಳಿದದ್ದು ಒಂದೇ ದಾರಿ: ಸಿ8ರ ಒಂಟೆಯಿಂದ ಆ ಕುದುರೆಯನ್ನು ಹೊಡೆಯೋದು, ಬಿಳಿ ಡಿ ಪ್ಯಾದೆ ಆ ಒಂಟೆಯನ್ನು ತಿನ್ನೋದನ್ನ ನೋಡೋದು.

ಲೆಕ್ಕಕ್ಕೆ ಒಂಟೆಗೆ ಕುದುರೆ, ಸಮಸಮ. ಆದರೆ ಈ ಕಟ್ಟಿನಲ್ಲಿ ಸಿ8ರ ಒಂಟೆ ಒಂದು ಸಾಧಾರಣ ಕಾಯಿಯಲ್ಲ. ಇಪ್ಪತ್ತು ನಡೆಯ ತನಕ ಅದು ಹುಟ್ಟಿದ ಮನೆ ಬಿಟ್ಟು ಕದಲದೇ ಇರಬಹುದು. ಮನೆಯಲ್ಲೇ ಕೂತು ಎಚ್3ರ ತನಕದ ಬಿಳಿ ಮನೆಗಳ ಓರೆ ದಾರಿಯನ್ನು ಕಾಯುತ್ತಿರುತ್ತದೆ. ಕಪ್ಪಿನ ಬಹುತೇಕ ಪ್ಯಾದೆಗಳು ಕಪ್ಪು ಮನೆಗಳ ಮೇಲೆ ನಿಂತಿರುವುದರಿಂದ ಬಿಳಿ ಮನೆಗಳಿಗೆ ದಿಕ್ಕೆಂದರೆ ಅದೊಂದೇ. ಬಲ್ಲವರು ಅದನ್ನು ಆನೆಗೂ ಕೊಡಲು ಹಿಂದೆಮುಂದೆ ನೋಡುತ್ತಾರೆ. ಅದು ಹೋದಮೇಲೆ ಅವಳ ಎಚ್5, ಜಿ4 ಎಲ್ಲ ಖಾಲಿ ಸದ್ದು. ಹುಡುಗನ ಆನೆಗಳು ನಿಧಾನವಾಗಿ ಏಳನೇ ಸಾಲಿಗೆ ಇಳಿದವು.

ಈಗ ಗ್ಲಿಗೋರಿಚ್ ಆನೆಯನ್ನು ಮತ್ತೆ ನೋಡಿ. ಎಫ್7ರಲ್ಲಿ ಕೂತ ಆನೆ ಅಡ್ಡಸಾಲಿನಲ್ಲಿ ಸಿ7ನ್ನು ಕಾಯುತ್ತದೆ. ಇ7, ಡಿ7 ಖಾಲಿ ಇರುವುದರಿಂದ ಅದರ ಕಣ್ಣಿಗೆ ಅಡ್ಡಿ ಇಲ್ಲ. ಬಿಳಿ ಕುದುರೆ ಸಿ7ಕ್ಕೆ ಬಂದು ಮೆರೆಯುವ ಆಟ ಅಷ್ಟು ಸುಲಭ ಅಲ್ಲ. ಎಫ್8ರ ಒಂಟೆ ಡಿ6ರ ಪ್ಯಾದೆಯನ್ನು ಕಾಯುತ್ತದೆ. ಅಲ್ಲಿಯ ತನಕ ಆ ಕೆಲಸ ರಾಣಿಯ ತಲೆ ಮೇಲಿತ್ತು. ಒಂಟೆ ಬಿಟ್ಟುಹೋದ ಜಿ7ಕ್ಕೆ ಆನೆ ಬರಬಹುದು, ಬಂದರೆ ಜಿ ಸಾಲಿನಲ್ಲಿ ಬಿಳಿ ರಾಜನ ಎದುರೇ ನಿಲ್ಲುತ್ತದೆ. ಕಾಯುವ ನಡೆಯೂ ಅದೇ, ದಾಳಿಯ ನಡೆಯೂ ಅದೇ. ನನಗೆ ಇಡೀ ಆಟದಲ್ಲಿ ಕೊನೆಯ ಬಲಿಗಳಿಗಿಂತ ಹೆಚ್ಚು ಇಷ್ಟವಾದದ್ದು ಈ ಎರಡು ಸದ್ದಿಲ್ಲದ ನಡೆಗಳು.

ಹತ್ತೊಂಬತ್ತನೇ ನಡೆಗೆ ಗ್ಲಿಗೋರಿಚ್ ಜಿ3 ಎಂದು ಪ್ಯಾದೆಯನ್ನೇ ಎಸೆದರು. ಬಿಳಿ ಎಚ್ ಪ್ಯಾದೆ ಹೊಡೆಯಿತು, ಕಪ್ಪು ಎಫ್ ಪ್ಯಾದೆ ತಿರುಗಿ ಹೊಡೆಯಿತು, ಅದನ್ನು ಬಿಳಿ ಒಂಟೆ ತಿಂದಿತು. ಒಂದು ಪ್ಯಾದೆ ಲುಕ್ಸಾನು. ಸಿಕ್ಕಿದ್ದು ಏನು? ಎಫ್4 ಖಾಲಿಯಾಯಿತು, ಕುದುರೆಗೆ ಅದಕ್ಕಿಂತ ಒಳ್ಳೆ ಕಟ್ಟೆ ಬೇರೆ ಇಲ್ಲ. ಬಿಳಿ ರಾಜನ ಮುಂದಿನ ಬೇಲಿ ಕಿತ್ತುಬಂತು. ಎಫ್8ರಲ್ಲಿ ಮೂಲೆ ಸೇರಿದ್ದ ಒಂಟೆ ಇ7, ಜಿ5 ದಾಟಿ ಇಪ್ಪತ್ತೈದನೇ ನಡೆಗೆ ಇ3ರಲ್ಲಿ ಕಿಶ್ತ್ ಕೊಟ್ಟು ಬಿಳಿ ಮನೆಯ ಹೊಸ್ತಿಲಲ್ಲೇ ಕೂತಿತು. ಇ5ರ ತನ್ನದೇ ಪ್ಯಾದೆಯ ಹಿಂದೆ ಸಿಕ್ಕಿಬಿದ್ದಿದ್ದ ಒಂಟೆ ಅದು, ಹಿತ್ತಲ ಬಾಗಿಲಿನಿಂದ ಹೊರಗೆ ಬಂತು.

ನಜ್ದೋರ್ಫ್ ಸುಮ್ಮನೆ ಕೂತಿರಲಿಲ್ಲ. ಅವರ ಆನೆ ಸಿ ಸಾಲಿನಲ್ಲಿ ಇಳಿದು ಮೂವತ್ತೊಂದನೇ ನಡೆಗೆ ಸಿ7ಕ್ಕೆ ಬಂದೇಬಂತು. ಇಷ್ಟು ಹೊತ್ತು ಕಾದಿದ್ದು ಅದಕ್ಕೇ. ಆದರೆ ಗ್ಲಿಗೋರಿಚ್ ಆನೆ ಅಷ್ಟರಲ್ಲಿ ಎಫ್7 ಬಿಟ್ಟು ಜಿ7ಕ್ಕೆ ಹೋಯಿತು, ಕುದುರೆ ಎಚ್4ಕ್ಕೆ ಬಂತು, ಜಿ2ರ ಮೇಲೆ ಒತ್ತಡ ಏರಿತು. ಸಿ7ರ ಆನೆ ಮೂವತ್ಮೂರನೇ ನಡೆಗೆ ಸಿ2ಕ್ಕೆ ವಾಪಸ್ ಓಡಬೇಕಾಯಿತು, ತನ್ನ ರಾಜನನ್ನು ಕಾಯಲು. ಓಟದಲ್ಲಿ ಯಾರು ಗೆದ್ದರು ಅನ್ನೋದು ಆ ಒಂದು ಹಿನ್ನಡೆಯಲ್ಲೇ ಗೊತ್ತಾಗುತ್ತದೆ. ಅದೇ ನಡೆಗೆ ಕಪ್ಪು ಒಂಟೆ, ಮಗಳು ಕಳೆದುಕೊಂಡ ಅದೇ ಒಂಟೆ, ಎಚ್3ಕ್ಕೆ ಹಾರಿತು. ಮರುನಡೆಗೆ ಕುದುರೆ ಜಿ2ಕ್ಕೆ ಬಿತ್ತು, ಒಂಟೆ ಒಂಟೆಯನ್ನು ಹೊಡೆಯಿತು, ಬಿಳಿ ರಾಣಿ ಬಂದು ಆ ಒಂಟೆಯನ್ನು ತಿಂದು ಜಿ2ರಲ್ಲಿ ನಿಂತಿತು. ಕಪ್ಪು ರಾಣಿ ಜಿ ಸಾಲಿನಿಂದ ಪಕ್ಕಕ್ಕೆ ಸರಿದು ಎಚ್4ಕ್ಕೆ ಹೋದ ಕೂಡಲೇ ಜಿ7ರ ಆನೆಯ ಎದುರು ಬಿಳಿ ರಾಣಿ ಬಯಲಿಗೆ ಬಿತ್ತು. ನಜ್ದೋರ್ಫ್ ರಾಣಿ ಕೊಟ್ಟು ಆನೆ ತೆಗೆದುಕೊಂಡರು. ನಲವತ್ಮೂರು ನಡೆಗೆ ಸೋಲೊಪ್ಪಿಕೊಂಡರು.

ಇಷ್ಟೆಲ್ಲ ಕೇಳಿ ಈ ಆಟ ಆಡಿದರೆ ಗೆಲುವು ಖಂಡಿತ ಎಂದುಕೊಳ್ಳಬೇಡಿ. ವಿಶ್ವ ಚಾಂಪಿಯನ್ ಆಗಿದ್ದ ಫಿಷರ್, ಕಾಸ್ಪರೋವ್ ಇದನ್ನು ಪ್ರೀತಿಯಿಂದ ಆಡಿದವರು. ಆದರೆ 1990ರ ದಶಕದಲ್ಲಿ ರಷ್ಯಾದ ಕ್ರಾಮ್ನಿಕ್ ಒಂಬತ್ತನೇ ನಡೆಗೆ ಕುದುರೆ ಹಿಂದೆ ತರುವ ಬದಲು ನೇರ ಬಿ4 ನೂಕಿ ರಾಣಿಯ ಕಡೆಯ ಓಟಕ್ಕೆ ವೇಗ ಕೊಟ್ಟರು. ಅದರ ಏಟಿಗೆ ಕಾಸ್ಪರೋವ್ ಅಂಥವರೇ ಈ ಆಟವನ್ನು ಕೈಬಿಟ್ಟರು. ಇವತ್ತಿನ ಕಂಪ್ಯೂಟರ್‌ಗಳು ಎಂಟನೇ ನಡೆಯ ಈ ಸ್ಥಿತಿಯಲ್ಲಿ ಬಿಳಿಯೇ ಮೇಲು ಎನ್ನುತ್ತವೆ. ಜಿಲ್ಲಾ ಮಟ್ಟದಲ್ಲಿ ಆಡುವ ಮಕ್ಕಳಿಗೆ ಆ ಲೆಕ್ಕ ದೊಡ್ಡದಲ್ಲ, ನನ್ನ ಅಭಿಪ್ರಾಯದಲ್ಲಿ. ಅವರಿಗೆ ಬೇಕಾದದ್ದು ಒಂದೊಂದು ನಡೆಯ ಹಿಂದೆ 'ಯಾಕೆ' ಇರುವ ಆಟ, ಅದು ಇಲ್ಲಿ ಧಾರಾಳವಾಗಿ ಸಿಗುತ್ತದೆ. ಹದಿನಾಲ್ಕು ನಡೆ ಬಾಯಿಪಾಠ ಮಾಡುವ ಬದಲು ಮೂರು ಸಂಗತಿ ಗೊತ್ತಿದ್ದಿದ್ದರೆ ಅವಳೇ ಆನೆ ಎಫ್7 ಹುಡುಕಿಕೊಳ್ಳುತ್ತಿದ್ದಳು: ಸಿ ಸಾಲು ತೆರೆಯುತ್ತದೆ, ಸಿ7 ಮತ್ತು ಡಿ6 ಬೀಳುವ ಜಾಗಗಳು, ಸಿ8ರ ಒಂಟೆಯನ್ನು ಕೊಡಬಾರದು. ಅವಳಿಗೆ ಕಲಿಸಿದ್ದು ನಾನೇ. ಈ ಮೂರನ್ನು ಹೇಳದೆ ನಡೆಗಳನ್ನಷ್ಟೇ ಒಪ್ಪಿಸಿದ್ದು ನನ್ನ ತಪ್ಪು.

ದೇಸಿ ನಿಯಮದಲ್ಲಿ ಬೆಳೆದ ಇನ್ನೊಬ್ಬರ ಮಾತು ಇಲ್ಲಿ ನೆನಪಾಗುತ್ತದೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು, 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೂ ಸೋಲಿಸಿದರು. ಓಪನಿಂಗ್, ಅಂದರೆ ಆಟದ ಆರಂಭ, ಅವರ ದುರ್ಬಲ ಭಾಗ, ಬಾಯಿಪಾಠ ಅಂತೂ ಇರಲೇ ಇಲ್ಲ. ಮಣೆ ನೋಡಿ ಕಾರಣ ಹುಡುಕುವ ಶಕ್ತಿ ಮಾತ್ರ ಅಗಾಧ. ಅವರು ತೀರಿಕೊಂಡು ದಶಕಗಳಾದಮೇಲೆ, 2024ರಲ್ಲಿ, ವಿಶ್ವ ಚೆಸ್ ಸಂಸ್ಥೆ ಫಿಡೆ ಅವರಿಗೆ ಗೌರವ ಗ್ರಾಂಡ್‌ಮಾಸ್ಟರ್ ಪದವಿ ಕೊಟ್ಟಿತು.

ರೊಟ್ಟಿ ಮುಗಿಯಿತು. ನಾಲ್ಕನೇ ಸುತ್ತಿಗೆ ಯಾರಿಗೆ ಯಾರು ಎದುರಾಳಿ ಅನ್ನೋ ಪೇರಿಂಗ್ ಪಟ್ಟಿ ಇನ್ನೂ ಹಚ್ಚಿರಲಿಲ್ಲ. ಅಪ್ಪ ಮೊಮ್ಮಗಳಿಗೆ, "ತಂಗೀ, ಆ ಹದಿನೈದರ ಜಾಗಕ್ಕ ಮತ್ತ ಹಚ್ಚು. ಬಿಳಿ ನಾ ಆಡ್ತೀನಿ" ಅಂದರು. ಅವಳು ಕಾಯಿ ಜೋಡಿಸಿದಳು, ಈ ಸಲ ಎಚ್ ಪ್ಯಾದೆ ಮುಟ್ಟದೆ ಆನೆಯನ್ನು ಎಫ್7ಕ್ಕೆ ಇಟ್ಟಳು. ಅಪ್ಪ ಬಿ5ಕ್ಕೆ ಕುದುರೆ ಹಾರಿಸಲು ಕೈ ಎತ್ತಿ, ಸಿ7ನ್ನು ನೋಡಿ, ಕೈ ಹಿಂದೆ ತೆಗೆದುಕೊಂಡರು. ಬಹಳ ಹೊತ್ತು ಕೂತರು. ಆಮೇಲೆ ಸಿ1ರ ಆನೆಯನ್ನು ಒಂದು ಮನೆ ಮುಂದಿಟ್ಟರು, ಸಿ2ಕ್ಕೆ. "ಇದರ ಹಿಂದ ಇನ್ನೊಂದು ಆನಿ ತರಬೇಕಲ್ಲ, ಜಾಗ ಬೇಕು" ಅಂದರು.

ಹದಿನಾರನೇ ನಡೆಗೆ ನಜ್ದೋರ್ಫ್ ಆಡಿದ್ದೂ ಅದನ್ನೇ. ಮಗಳು ಒಂಟೆಯನ್ನು ಎಫ್8ಕ್ಕೆ ತಂದಳು.